ಮೋಡಿಯಿಂದ ಯೂನಿಕೋಡ್‌ವರೆಗೆ: ನಮ್ಮ ಪಹಣಿ ಕಂಡ ವರ್ಗಾವಣೆಗಳು

ಬೇವೂರಿನ ಒಬ್ಬ ರೈತನಿಗೆ ಬೆಳೆಸಾಲ ಬೇಕಾದರೂ, ಬೆಳೆವಿಮೆ ಕಟ್ಟಬೇಕಾದರೂ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳಬೇಕಾದರೂ ಮೊದಲು ಕೇಳುವ ಕಾಗದ ಒಂದೇ. ಅದು ಪಹಣಿ. ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ಹಿರಿಯರು ಅದನ್ನು ಇಂದಿಗೂ ‘ಉತಾರ’ ಎನ್ನುತ್ತಾರೆ. ಒಂದು ಕಾಲಕ್ಕೆ ಈ ಉತಾರಕ್ಕಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯಬೇಕಾಗಿತ್ತು. ಅವರು ಸಿಕ್ಕರೆ ದಫ್ತರ ಸಿಗದು, ದಫ್ತರ ಸಿಕ್ಕರೆ ಅವರಿಗೆ ಪುರಸೊತ್ತು ಇರದು. ಈಗ ಕಾಯುವುದು ಯಂತ್ರದ ಮುಂದೆ. ‘ಸರ್ವರ್ ಇಲ್ಲ, ನಾಳೆ ಬಾ’ ಎಂಬುದು ನಮ್ಮ ಕಾಲದ ಕನ್ನಡದಲ್ಲಿ ಒಂದು ನುಡಿಗಟ್ಟೇ ಆಗಿಹೋಗಿದೆ.

ಸರ್ವರ್ ಏಕೆ ಇರುವುದಿಲ್ಲ? ವಿದ್ಯುತ್ ಹೋಗಿರಬಹುದು, ಕೇಬಲ್ ಕಡಿದಿರಬಹುದು. ಅವು ಸಂಜೆಯೊಳಗೆ ಸರಿಯಾಗುವ ತೊಂದರೆಗಳು. ದಿನಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡುವ ತೊಂದರೆ ಬೇರೆಯದು. ದಾಖಲೆಗಳನ್ನು ಇಟ್ಟುಕೊಂಡಿರುವ ಡೇಟಾಬೇಸ್ ಸರ್ವರನ್ನು ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ಏರಿಸುವಾಗ ಹೊಸದು ಹಳೆಯದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಳ್ಳುವುದಿಲ್ಲ. ಯಂತ್ರ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಯಂತ್ರ ನಿಲ್ಲದೆ, ಒಂದು ಹೆಸರನ್ನೋ ಒಂದು ಗುಂಟೆಯನ್ನೋ ಸದ್ದಿಲ್ಲದೆ ಬದಲಿಸಿಬಿಟ್ಟರೆ ಅದು ಗೊತ್ತಾಗುವುದು ಹತ್ತು ವರ್ಷಗಳ ಮೇಲೆ, ಅದೂ ಕೋರ್ಟಿನಲ್ಲಿ. ಇದನ್ನು ಕಂಪ್ಯೂಟರ್ ಕಲಿತವರ ಸಮಸ್ಯೆ ಎಂದು ನಾವು ಬದಿಗಿಡುತ್ತೇವೆ. ವಾಸ್ತವವಾಗಿ ನಮ್ಮ ನಾಡಿನ ಭೂದಾಖಲೆಗಳ ಇತಿಹಾಸದಲ್ಲಿ ಈ ಸಮಸ್ಯೆ ಕಂಪ್ಯೂಟರಿಗಿಂತ ನಾಲ್ಕು ನೂರು ವರ್ಷ ಹಳೆಯದು.

ಫಾರ್ಸಿಯಿಂದ ಹಿಂದವಿಗೆ

ವಿಜಯಪುರದ ಆದಿಲ್‌ಶಾಹಿ ದೊರೆ ಮೊದಲನೆಯ ಇಬ್ರಾಹಿಂ 1534ರಿಂದ 1558ರವರೆಗೆ ಆಳಿದನು. ಅವನ ಕಾಲದಲ್ಲಿ ಸರ್ಕಾರದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಬಿಡಿಸಿ ಹಿಂದವಿಯಲ್ಲಿ ಬರೆಯುವ ಏರ್ಪಾಡಾಯಿತೆಂದೂ, ಆ ಕೆಲಸ ಬ್ರಾಹ್ಮಣ ಲೆಕ್ಕಿಗರ ಕೈಗೆ ಬಂದಿತೆಂದೂ ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೊಂದು ದೊಡ್ಡ ‘ಮೈಗ್ರೇಶನ್’. ಭಾಷೆ ಬದಲಾಯಿತು, ಬರೆಯುವ ಕೈ ಬದಲಾಯಿತು. ಆದರೆ ಕಲಂಗಳ ಹೆಸರುಗಳು ಬದಲಾಗಲಿಲ್ಲ. ತಹಸೀಲು, ಜಮಾಬಂದಿ, ಮೌಜೆ, ಇನಾಮು, ಹಕ್ಕು, ವಾರಸಾ, ತಕರಾರು, ದಫ್ತರ, ಶಿರಸ್ತೇದಾರ ಮುಂತಾದ ಅರಬ್ಬೀ, ಫಾರ್ಸಿ ಮೂಲದ ಮಾತುಗಳು ಮರಾಠಿಯನ್ನು ದಾಟಿ, ಇಂಗ್ಲಿಷರನ್ನು ದಾಟಿ, ಇಂದಿನ ಕನ್ನಡ ಕಚೇರಿಗೂ ಬಂದು ಕುಳಿತಿವೆ. ‘ಪಹಣಿ’ ಎಂಬ ಮಾತಾದರೋ ಮರಾಠಿಯದು. ನೋಡುವುದು, ಪರಿಶೀಲಿಸುವುದು ಎಂದು ಅದರ ಅರ್ಥ.

ಆಮೇಲೆ ಪೇಶ್ವೆಯವರ ಕಾಲ. ಲೆಕ್ಕವೆಲ್ಲ ಮೋಡಿ ಲಿಪಿಯಲ್ಲಿ. ಲೇಖನಿಯನ್ನು ಎತ್ತದೆ ವೇಗವಾಗಿ ಬರೆಯಲು ಅನುಕೂಲವಾದ ಆ ಲಿಪಿ, ಬರೆದವನಿಗೆ ಸುಲಭ, ಓದುವವನಿಗೆ ಕಷ್ಟ. ಹ್ರಸ್ವ ದೀರ್ಘಗಳ ಭೇದವನ್ನು ಅದು ಅಷ್ಟಾಗಿ ಲೆಕ್ಕಿಸುವುದಿಲ್ಲ. 1818ರಲ್ಲಿ ಥಾಮಸ್ ಮನ್ರೋನ ಸೈನ್ಯಕ್ಕೆ ಬಾದಾಮಿ ಕೋಟೆ ವಶವಾಗಿ ಈ ಸೀಮೆ ಇಂಗ್ಲಿಷರ ಆಡಳಿತಕ್ಕೆ ಸೇರಿದಾಗ, ಅವರ ಕೈಗೆ ಸಿಕ್ಕಿದ್ದು ಇಂಥ ದಫ್ತರಗಳು. ಅವುಗಳನ್ನು ಓದಬಲ್ಲವರು ಹಳೆಯ ಕುಲಕರ್ಣಿಗಳು ಮಾತ್ರ. ಹೊಸ ಸರ್ಕಾರ ಹಳೆಯ ಕುಲಕರ್ಣಿಯನ್ನು ಇಟ್ಟುಕೊಳ್ಳದೆ ಗತಿ ಇರಲಿಲ್ಲ. ಇಂದಿನ ಇಂಜಿನಿಯರುಗಳು ಹಳೆಯ ತಂತ್ರಾಂಶ ಬರೆದವನನ್ನು ನಿವೃತ್ತಿಯಾದ ಮೇಲೂ ಮನೆಯಿಂದ ಕರೆಸುತ್ತಾರಲ್ಲ, ಅದೇ ಬಗೆ.

ಮುಂಬಯಿ ಸರ್ಕಾರ ಹಳೆಯ ಲೆಕ್ಕವನ್ನು ತಿದ್ದುತ್ತ ಕೂಡಲಿಲ್ಲ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಸರ್ವೆ ಪದ್ಧತಿ, 1847ರ ಜಂಟಿ ವರದಿಯ ನಂತರ, ಪ್ರತಿ ಹೊಲಕ್ಕೂ ಒಂದು ನಂಬರು, ಒಂದು ಕಲ್ಲು, ಒಂದು ನಕಾಶೆ ಕೊಟ್ಟಿತು. ಕಲಾದಗಿ ಆಗ ಜಿಲ್ಲಾ ಕೇಂದ್ರ. 1885ರಲ್ಲಿ ಅದು ವಿಜಯಪುರಕ್ಕೆ ಹೋಯಿತು. ನಮ್ಮ ಸರ್ವೆ ನಂಬರುಗಳ ಬೇರು ಇರುವುದು ಆ ಕಾಲದಲ್ಲಿ. 1956ರ ನವೆಂಬರ್ 1ರಂದು ವಿಜಯಪುರ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದಾಗ ಮತ್ತೊಂದು ಸಂಕಟ ಎದುರಾಯಿತು. ಹಳೆ ಮೈಸೂರಿನ ಲೆಕ್ಕ ಒಂದು ರೀತಿ, ಹೈದರಾಬಾದಿನದು ಒಂದು ರೀತಿ, ಮದರಾಸಿನದು, ಕೊಡಗಿನದು, ಮುಂಬಯಿಯದು ಬೇರೆ ಬೇರೆ ರೀತಿ. ಐದು ಕಡೆಯ ಕಂದಾಯ ಪದ್ಧತಿಯನ್ನು ಒಂದು ಕಾಯಿದೆಯ ಅಡಿಗೆ ತಂದದ್ದು 1964ರ ಭೂಕಂದಾಯ ಕಾಯಿದೆ. ಇಂದಿನ ಪಹಣಿಯ ರೂಪ ಅದರ ಕೂಸು.

‘ಭೂಮಿ’ ಬಂದ ಬಗೆ

ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸುವ ಮೊದಲ ಪ್ರಯೋಗ ನಮ್ಮ ರಾಜ್ಯದಲ್ಲಿ ನಡೆದದ್ದು 1991ರಲ್ಲಿ, ಕೇಂದ್ರದ ಪೂರ್ಣ ಹಣದಲ್ಲಿ, ಗುಲ್ಬರ್ಗ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೆ ದಾಖಲೆಗಳು ದಿನದಿನವೂ ಬದಲಾಗುವ ತಾಲೂಕು ಮಟ್ಟದಲ್ಲಿ ಕಂಪ್ಯೂಟರೇ ಇರಲಿಲ್ಲ. ತುಂಬಿಸಿದ ಮಾಹಿತಿ ತುಂಬಿಸಿದಂದೇ ಹಳತಾಗುತ್ತ ಹೋಯಿತು. ಈ ಸೋಲಿನಿಂದ ಕಲಿತು ರೂಪುಗೊಂಡದ್ದು ‘ಭೂಮಿ’. ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದವರು ಬರೆದ ತಂತ್ರಾಂಶದಿಂದ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಯಂತ್ರ ಸೇರಿದವು. 2002ರ ಹೊತ್ತಿಗೆ 177 ತಾಲೂಕುಗಳಲ್ಲೂ ಕೇಂದ್ರಗಳು ತೆರೆದಿದ್ದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ರೈತನ ಕಡೆಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು, ಏನು ಬರೆಯುತ್ತಿದ್ದಾರೆಂದು ಅವನೂ ನೋಡಲೆಂದು. ಈ ಎರಡನೆಯ ಪರದೆಯ ವಿಚಾರ ನನಗೆ ಇಡೀ ಯೋಜನೆಯಲ್ಲೇ ಬಹಳ ಮೆಚ್ಚುಗೆಯಾದದ್ದು.

ಆ ಕಾಲಕ್ಕೆ ಲಭ್ಯವಿದ್ದ ಸಾಮಗ್ರಿಯಿಂದಲೇ ಅದನ್ನು ಕಟ್ಟಬೇಕಾಗಿತ್ತು. ಒಳಗೆ ಮೈಕ್ರೋಸಾಫ್ಟ್‌ನವರ ಎಸ್‌ಕ್ಯೂಎಲ್ ಸರ್ವರ್, ಮುಂದೆ ವಿಷುಯಲ್ ಬೇಸಿಕ್‌ನಲ್ಲಿ ಬರೆದ ಪರದೆಗಳು, ಕನ್ನಡಕ್ಕೆ ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ತಂತ್ರಜ್ಞಾನ. ಪ್ರತಿ ತಾಲೂಕಿಗೆ ತನ್ನದೇ ಸರ್ವರ್. ಅಂದರೆ ಒಂದು ಡೇಟಾಬೇಸ್ ಅಲ್ಲ, 177 ಡೇಟಾಬೇಸ್. ಒಂದು ಬದಲಾವಣೆ ಮಾಡಬೇಕೆಂದರೆ 177 ಕಡೆ ಮಾಡಬೇಕು.

ಏಣಿಯ ಮೆಟ್ಟಿಲುಗಳು

ಇಂಥ ಸರ್ವರ್ ತಂತ್ರಾಂಶಗಳಿಗೆ ಆಯಸ್ಸು ಇರುತ್ತದೆ. ಎಸ್‌ಕ್ಯೂಎಲ್ ಸರ್ವರ್ 2000 ಎಂಬ ಆವೃತ್ತಿಗೆ ತಯಾರಕರ ಬೆಂಬಲ 2013ರ ಏಪ್ರಿಲ್‌ನಲ್ಲಿ ನಿಂತಿತು. 2005ರ ಆವೃತ್ತಿಗೆ 2016ರಲ್ಲಿ, 2008ರದ್ದಕ್ಕೆ 2019ರಲ್ಲಿ, 2012ರದ್ದಕ್ಕೆ 2022ರಲ್ಲಿ. ವಿಷುಯಲ್ ಬೇಸಿಕ್ 6ರ ಬೆಂಬಲವಂತೂ 2008ರಲ್ಲೇ ಮುಗಿದಿತ್ತು. ಬೆಂಬಲ ನಿಂತ ಮೇಲೂ ಯಂತ್ರ ಓಡುತ್ತದೆ. ಆದರೆ ಹೊಸ ಕಳ್ಳದಾರಿ ಪತ್ತೆಯಾದರೆ ಮುಚ್ಚುವವರು ಇರುವುದಿಲ್ಲ. ಆದ್ದರಿಂದ ಏರಲೇಬೇಕು.

ಏರುವುದಾದರೂ ನೆಗೆದು ಏರಲಾಗದು. 7.0 ಆವೃತ್ತಿಯ ಬ್ಯಾಕಪ್ಪನ್ನು 2005ರ ಸರ್ವರ್ ತೆರೆಯುತ್ತದೆ, 2008ರದ್ದು ತೆರೆಯುವುದಿಲ್ಲ. 2000ದ ಬ್ಯಾಕಪ್ಪನ್ನು 2008ರದ್ದು ತೆರೆಯುತ್ತದೆ, 2012ರದ್ದು ತೆರೆಯುವುದಿಲ್ಲ. ನಡುವಿನ ಮೆಟ್ಟಿಲಿನಲ್ಲಿ ಒಮ್ಮೆ ನಿಂತು, ಅಲ್ಲಿ ತೆರೆದು, ಮತ್ತೆ ಬ್ಯಾಕಪ್ ತೆಗೆದು ಮೇಲೆ ಹೋಗಬೇಕು. ಹೊಸ ಸರ್ವರಿನ ಬ್ಯಾಕಪ್ಪಂತೂ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಮೇಲೇರಿದವನು ಇಳಿಯಬೇಕೆಂದರೆ, ಏರುವ ಮುನ್ನ ತೆಗೆದಿಟ್ಟ ಪ್ರತಿಯೊಂದೇ ಆಧಾರ. ಹದಿನೈದು ವರ್ಷ ಬೀರುವಿನಲ್ಲಿ ಜೋಪಾನವಾಗಿಟ್ಟ ಟೇಪು ಇದ್ದು, ಅದನ್ನು ತೆರೆಯುವ ನಡುವಿನ ಸರ್ವರ್ ಎಲ್ಲೂ ಇಲ್ಲದಿದ್ದರೆ, ಆ ಟೇಪಿಗೂ ಮೋಡಿ ದಫ್ತರಕ್ಕೂ ಏನು ವ್ಯತ್ಯಾಸ? ಪೋಸ್ಟ್‌ಗ್ರೆಸ್ ಮುಂತಾದ ಬೇರೆ ಡೇಟಾಬೇಸ್‌ಗಳಲ್ಲೂ ಕಥೆ ಇದೇ. ಒಂದು ಪ್ರಮುಖ ಆವೃತ್ತಿಯ ಕಡತಗಳನ್ನು ಮುಂದಿನದು ನೇರವಾಗಿ ಮುಟ್ಟುವುದಿಲ್ಲ.

ತಯಾರಕರು ಒಂದು ಸೌಕರ್ಯ ಕೊಟ್ಟಿರುತ್ತಾರೆ. ಹೊಸ ಸರ್ವರಿಗೆ ‘ನೀನು ಹಳೆಯವನಂತೆ ನಡೆದುಕೊ’ ಎಂದು ಹೇಳುವ ಒಂದು ಗುಂಡಿ. ಇದಕ್ಕೆ ಹೊಂದಾಣಿಕೆ ಮಟ್ಟ ಎಂದು ಹೆಸರು. ಈ ಸೌಕರ್ಯವೇ ಎಷ್ಟೋ ಕಡೆ ಕಾಲಿಗೆ ತೊಡರಿದೆ. ಉದಾಹರಣೆಗೆ, ಒಂದು ಊರಿನ ಎಲ್ಲ ಖಾತೆದಾರರ ಪಟ್ಟಿ ಬೇಕು, ಸಾಲ ಇದ್ದವರ ಸಾಲವೂ ಪಕ್ಕದಲ್ಲಿ ಬರಬೇಕು ಎಂದಿಟ್ಟುಕೊಳ್ಳಿ. ಹಳೆಯ ಕಾಲದಲ್ಲಿ ಇದನ್ನು ‘*=’ ಎಂಬ ಚಿಹ್ನೆಯಿಂದ ಬರೆಯುತ್ತಿದ್ದರು. 2005ರ ಆವೃತ್ತಿ ಆ ಚಿಹ್ನೆಯನ್ನು ಕೈಬಿಟ್ಟಿತು. ಹಳೆಯ ಹೊಂದಾಣಿಕೆ ಮಟ್ಟದಲ್ಲಿ ಮಾತ್ರ ನಡೆಯುತ್ತಿತ್ತು. 2012ರ ಆವೃತ್ತಿ ಆ ಮಟ್ಟವನ್ನೂ ತೆಗೆದುಹಾಕಿತು. ಏಳು ವರ್ಷ ಗುಂಡಿ ಒತ್ತಿ ನಿಶ್ಚಿಂತೆಯಿಂದಿದ್ದವರಿಗೆ ಒಂದೇ ರಾತ್ರಿಯಲ್ಲಿ ವರದಿಗಳೆಲ್ಲ ನಿಂತವು. ಆಗ ಅವಸರದ ಹುಡುಗನೊಬ್ಬ ನಕ್ಷತ್ರ ಚಿಹ್ನೆ ಅಳಿಸಿ ಬರೀ ‘=’ ಉಳಿಸುತ್ತಾನೆ. ದೋಷದ ಸಂದೇಶ ಮಾಯವಾಗುತ್ತದೆ, ವರದಿ ಬರುತ್ತದೆ, ಎಲ್ಲರೂ ಚಹಾ ಕುಡಿಯಲು ಹೋಗುತ್ತಾರೆ. ಆದರೆ ಆ ವರದಿಯಲ್ಲಿ ಸಾಲವಿಲ್ಲದ ರೈತರ ಹೆಸರುಗಳೇ ಇರುವುದಿಲ್ಲ. ಎರಡೂ ಕಡೆ ಹೊಂದುವ ಸಾಲುಗಳನ್ನು ಮಾತ್ರ ‘=’ ಕೊಡುತ್ತದೆ. ಸಾಲ ಮಾಡದವನು ಊರಿನಿಂದಲೇ ಕಾಣೆ! ಇಂಥ ತಪ್ಪನ್ನು ಹಿಡಿಯುವ ದಾರಿ ಒಂದೇ: ಏರಿಸುವ ಮುನ್ನ ಊರಿಗೆ ಎಷ್ಟು ಖಾತೆ ಎಂದು ಎಣಿಸಿ ಬರೆದಿಟ್ಟುಕೊಳ್ಳುವುದು, ಏರಿಸಿದ ಮೇಲೆ ಮತ್ತೆ ಎಣಿಸುವುದು.

ಕುಲಕರ್ಣಿಯ ಅರ್ಕಾವೊತ್ತು

ಅಕ್ಷರದ ವಿಚಾರ ಇನ್ನೂ ಸ್ವಾರಸ್ಯಕರ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಸಿಕ್ಕರೇನು, ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಇದ್ದವು, ಕನ್ನಡ ಇರಲಿಲ್ಲ. ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಆದ್ದರಿಂದ ಆ ಕಾಲದ ಕಚೇರಿಗಳು, ಪತ್ರಿಕೆಗಳು, ನಮ್ಮಂಥ ಸಂಸ್ಥೆಗಳು ಎಲ್ಲರೂ ಮಾಡಿದ್ದು ಒಂದು ಉಪಾಯ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಯಂತ್ರ ಇಂಗ್ಲಿಷ್ ಅಕ್ಷರವೆಂದೇ ತಿಳಿದು ಉಳಿಸುತ್ತದೆ, ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತದೆ. ‘ಬರಹ’, ‘ನುಡಿ’ ಬಳಸಿದವರಿಗೆಲ್ಲ ಇದು ಗೊತ್ತು. ಜಿಸ್ಟ್‌ನದು ಬೇರೆ ಸಂಕೇತ, ನುಡಿಯದು ಬೇರೆ ಸಂಕೇತ.

ಈ ಹಳೆಯ ಸಂಕೇತದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂರುತ್ತವೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಕುಲಕರ್ಣಿ’ ಎಂದು ಬರೆದು ನೋಡಿ. ನಾಲಿಗೆಗೆ ಮೊದಲು ರ ಬರುತ್ತದೆ, ಆಮೇಲೆ ಣ. ಕಣ್ಣಿಗೆ ಮೊದಲು ಣಿ ಕಾಣುತ್ತದೆ, ಅರ್ಕಾವೊತ್ತು ಅದರ ಬಲಕ್ಕೆ. ಪರಿವರ್ತಿಸುವ ತಂತ್ರಾಂಶಕ್ಕೆ ಈ ಅದಲುಬದಲು ತಿಳಿಯದಿದ್ದರೆ ‘ಕುಲಕರ್ಣಿ’ ಹೋಗಿ ‘ಕುಲಕಣಿರ್’ ಆಗುತ್ತದೆ. ನಾಲ್ಕು ಶತಮಾನ ಊರಿನ ದಾಖಲೆ ಕಾಪಾಡಿದವನ ಹೆಸರೇ ದಾಖಲೆಯಲ್ಲಿ ಕೆಟ್ಟುಹೋದಂತೆ. ನಗು ಬರುವ ತಪ್ಪು, ನಿಜ. ಆದರೆ ‘ಕುಲಕರ್ಣಿ’ ಎಂದು ಹುಡುಕಿದಾಗ ಆ ಖಾತೆ ಸಿಗುವುದಿಲ್ಲ, ಇದರಲ್ಲಿ ನಗುವುದೇನೂ ಇಲ್ಲ.

ಇಲ್ಲಿ ನನ್ನ ಒಂದು ಅನುಭವ ಹೇಳಬೇಕು. ನಮ್ಮ ಭಾಗದ ಒಂದು ವಸತಿನಿಲಯ, ಹೆಸರು ಬೇಡ. ಮಕ್ಕಳ ಹೆಸರು, ತಂದೆಯ ಹೆಸರು, ಊರು ಇವುಗಳನ್ನೆಲ್ಲ ಹಳೆಯ ಫಾಂಟಿನಲ್ಲಿ ತುಂಬಿಸಿದ ಒಂದು ಸಣ್ಣ ಡೇಟಾಬೇಸ್ ಇತ್ತು. ವಿದ್ಯಾರ್ಥಿವೇತನದ ಅರ್ಜಿ ಕಳಿಸಲು ಎರಡು ದಿನ ಉಳಿದಿರುವಾಗ ಯಾರೋ ಉತ್ಸಾಹದಿಂದ ಹೊಸ ಸರ್ವರ್ ಹಾಕಿ, ಹೆಸರುಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ತುಂಬಿಸಿದರು. ಬೆಳಿಗ್ಗೆ ನೋಡಿದರೆ ಮುನ್ನೂರು ಚಿಲ್ಲರೆ ಮಕ್ಕಳ ಹೆಸರಿನ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ನನ್ನನ್ನು ಕರೆದರು. ನಾನೂ ಮೊದಲು ಫಾಂಟಿನ ದೋಷವೆಂದೇ ಭಾವಿಸಿ ಅರ್ಧ ದಿನ ಹಾಳುಮಾಡಿದೆ.

ಕಾರಣ ಸರಳವಾಗಿತ್ತು. ಹೊಸ ಕೋಷ್ಟಕದಲ್ಲಿ ಹೆಸರಿನ ಕಲಮನ್ನು ‘ವಾರ್‌ಕ್ಯಾರ್’ ಎಂಬ ಹಳೆಯ ಜಾತಿಯಲ್ಲೇ ಇಟ್ಟಿದ್ದರು. ಆ ಜಾತಿಯ ಕಲಂ ಒಂದು ಕೋಡ್‌ಪೇಜಿನೊಳಗಿನ ಅಕ್ಷರಗಳನ್ನು ಮಾತ್ರ ಹಿಡಿಯಬಲ್ಲದು. ಕನ್ನಡಕ್ಕೆ ವಿಂಡೋಸಿನಲ್ಲಿ ಅಂಥ ಕೋಡ್‌ಪೇಜೇ ಇಲ್ಲ. ಹಿಡಿಯಲಾಗದ ಪ್ರತಿ ಅಕ್ಷರದ ಬದಲು ಸರ್ವರ್ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡಿತು. ಯೂನಿಕೋಡಿಗೆ ಬೇಕಾದದ್ದು ‘ಎನ್‌ವಾರ್‌ಕ್ಯಾರ್’ ಜಾತಿ. ತುಂಬಿಸುವಾಗ ಹೆಸರಿನ ಮುಂದೆ ಎನ್ ಎಂಬ ಅಕ್ಷರವನ್ನೂ ಹಚ್ಚಬೇಕು. ಅದು ಮರೆತರೂ ಇದೇ ಗತಿ. (2019ರ ಆವೃತ್ತಿಯಿಂದ ವಾರ್‌ಕ್ಯಾರ್‌ನಲ್ಲೂ ಯುಟಿಎಫ್-8 ಇಡುವ ಅವಕಾಶ ಬಂದಿದೆ. ಆಗ ಇರಲಿಲ್ಲ.)

ಅಂದು ಕಲಿತದ್ದನ್ನು ಇಂದಿಗೂ ಹುಡುಗರಿಗೆ ಹೇಳುತ್ತೇನೆ. ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಹೆದರಬೇಡಿ, ಹಳೆಯ ಫಾಂಟಿನ ಸಂಕೇತ ಹಾಗೇ ಇದೆ, ಪರಿವರ್ತಿಸಿಕೊಳ್ಳಬಹುದು. ಚೌಕಾಕಾರದ ಡಬ್ಬಿ ಕಂಡರೂ ಬಹುಮಟ್ಟಿಗೆ ಫಾಂಟಿನ ಕೊರತೆ. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಕೂಡಲೇ ಕೈ ನಿಲ್ಲಿಸಿ. ಕೋಷ್ಟಕದೊಳಗೆ ಆ ಅಕ್ಷರದ ಸಂಕೇತ ಸಂಖ್ಯೆ ಕೇಳಿ. 63 ಎಂದು ಉತ್ತರ ಬಂದರೆ ಅದು ನಿಜವಾಗಿಯೂ ಪ್ರಶ್ನಾರ್ಥಕವೇ. ಹಿಂದಿದ್ದ ಹೆಸರು ಅಲ್ಲಿ ಇಲ್ಲ, ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ನಮ್ಮ ಪುಣ್ಯಕ್ಕೆ ಆ ವಸತಿನಿಲಯದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿರಲಿಲ್ಲ. ಅಲ್ಲಿನ ಜವಾನರು ಅದಕ್ಕೆ ಒಂದು ಚಾದರ ಹೊದಿಸಿ ಉಗ್ರಾಣದಲ್ಲಿ ಇಟ್ಟಿದ್ದರು. ರಾತ್ರಿ ಎರಡು ಗಂಟೆಗೆ ಅದನ್ನು ಚಾಲೂ ಮಾಡಿ ಹೆಸರುಗಳನ್ನು ಹೊರತೆಗೆದೆವು. ಅರ್ಜಿಗಳು ಕೊನೆಯ ದಿನ ಸಂಜೆ ಹೋದವು.

ಒಂದೇ ಹೆಸರು, ಎರಡು ಬರಹ

ಯೂನಿಕೋಡ್ ಬಂದ ಮಾತ್ರಕ್ಕೆ ಎಲ್ಲ ಸುಸೂತ್ರವಾಯಿತೆಂದಲ್ಲ. ನಮ್ಮ ಕಡೆಯ ಮುಸ್ಲಿಂ ಹೆಸರುಗಳನ್ನೇ ನೋಡಿ. ಹುಸೇನಸಾಬ, ಹುಸೇನ್ ಸಾಬ್, ಹುಸೇನ್‌ಸಾಬ್, ಮಹಮ್ಮದ, ಮಹ್ಮದ್, ಮೊಹಮ್ಮದ್, ಅಜೀಜ, ಅಝೀಝ್. ಹಳ್ಳಿಯ ಲೆಕ್ಕಿಗರು ಕಿವಿಗೆ ಕೇಳಿದಂತೆ ಬರೆದರು, ಮದರಸಾದಲ್ಲಿ ಓದಿದ ಮಗ ಅರಬ್ಬೀ ಉಚ್ಚಾರಕ್ಕೆ ತಕ್ಕಂತೆ ಬರೆದ, ಆಧಾರ್ ಕೇಂದ್ರದವರು ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರದ ಮೂಲಕ ತಂದರು. ಒಬ್ಬನೇ ಮನುಷ್ಯ ಮೂರು ದಾಖಲೆಯಲ್ಲಿ ಮೂವರಾದ. ಮೇಲಾಗಿ ‘ಹುಸೇನ್‌ಸಾಬ್’ ಎಂದು ನ್ ಅಕ್ಷರವನ್ನು ಬಿಡಿಯಾಗಿ ನಿಲ್ಲಿಸಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕಾಗುತ್ತದೆ. ‘ಮೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ ರೂಪ. ಸಂಕೇತಕ್ಕೆ ಸಂಕೇತ ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಹೆಸರು. ಜ ಮತ್ತು ಫ ಅಕ್ಷರಗಳ ಕೆಳಗೆ ಇಡುವ ಚುಕ್ಕೆಗಂತೂ ಕನ್ನಡ ಯೂನಿಕೋಡಿನಲ್ಲಿ ಜಾಗ ದೊರೆತದ್ದೇ 2003ರಲ್ಲಿ.

2019ರಿಂದ ಪಿಎಂ ಕಿಸಾನ್ ಹಣ, 2024ರಿಂದ ಪಹಣಿಗೆ ಆಧಾರ್ ಜೋಡಣೆ ಎಂದು ಡೇಟಾಬೇಸ್‌ಗಳು ಪರಸ್ಪರ ಮಾತಾಡಲು ಆರಂಭಿಸಿದ ಮೇಲೆ ಈ ಭಿನ್ನತೆ ಎದ್ದು ಕಾಣತೊಡಗಿದೆ. ಹೊಸ ತಂತ್ರಾಂಶ ತಪ್ಪು ಮಾಡಿತೆಂದು ನಾವು ದೂರುತ್ತೇವೆ. ಎಷ್ಟೋ ಸಲ ತಪ್ಪು ಹಳೆಯದು, ಹೊಸ ಯಂತ್ರ ಅದನ್ನು ಹೊರಗೆ ಹಾಕಿತು ಅಷ್ಟೆ.

ಎಕರೆ, ಗುಂಟೆ, ಆಣೆ

ಇನ್ನು ವಿಸ್ತೀರ್ಣ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 3-25-08 ಎಂದಿದ್ದರೆ 3 ಎಕರೆ 25 ಗುಂಟೆ 8 ಆಣೆ. ಅದಕ್ಕೆ 1-20-12 ಕೂಡಿಸಿದರೆ 5-06-04 ಆಗಬೇಕು. ಇದನ್ನರಿಯದ ಹೊಸ ತಂತ್ರಾಂಶ ದಶಮಾಂಶವೆಂದು ಭಾವಿಸಿ 3.25ಕ್ಕೆ 1.20 ಕೂಡಿಸಿದರೆ 4.45. ಅಂದರೆ 4 ಎಕರೆ 45 ಗುಂಟೆ! ಅಂಥ ಅಳತೆ ಲೋಕದಲ್ಲೇ ಇಲ್ಲ. ಈ ನಿಯಮ ಡೇಟಾಬೇಸಿನ ಯಾವ ಕಲಮಿನಲ್ಲೂ ಬರೆದಿರುವುದಿಲ್ಲ, ಹಳೆಯ ಪರದೆಯ ಲೆಕ್ಕದೊಳಗೆ ಅಡಗಿರುತ್ತದೆ. ದತ್ತಾಂಶವನ್ನು ಮಾತ್ರ ಸಾಗಿಸಿ ಪರದೆಯನ್ನು ಹೊಸದಾಗಿ ಬರೆದವನಿಗೆ ಅದು ಸಿಗುವುದಿಲ್ಲ. ಸರ್ವೆ ನಂಬರಿನದೂ ಇದೇ ಕಥೆ. ಅದನ್ನು ಪಠ್ಯವಾಗಿ ಇಟ್ಟರೆ 1, 10, 100 ಆದ ಮೇಲೆ 2 ಬರುತ್ತದೆ. ಸಂಖ್ಯೆಯಾಗಿ ಇಟ್ಟರೆ 12/1ಅ ಎಂಬ ಹಿಸ್ಸಾ ಒಳಗೇ ಹೋಗುವುದಿಲ್ಲ. ನಡುವೆ ಯಾರಾದರೂ ಎಕ್ಸೆಲ್‌ನಲ್ಲಿ ತೆರೆದರಂತೂ 5/2 ಎಂಬ ಹೊಲ ಒಂದು ತಾರೀಖಾಗಿ ಕುಳಿತಿರುತ್ತದೆ.

ಗುಂಟೆ ಆಣೆಗಳಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎನ್ನುವವರು ಬಾಗಲಕೋಟೆ ಜಿಲ್ಲೆಯವರಾಗಿರಲಾರರು. ಆಲಮಟ್ಟಿಯ ಹಿನ್ನೀರಿಗೆ ಊರುಗಳನ್ನೇ ಕೊಟ್ಟ ಜಿಲ್ಲೆ ನಮ್ಮದು. ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ಜಮೀನಿಗೆ, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿಯದಕ್ಕೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ದರ ಒಪ್ಪಿತು. ಲೆಕ್ಕ ಹಾಕಿ. ನೀರಾವರಿ ಹೊಲದ ಒಂದು ಗುಂಟೆಗೆ 1 ಲಕ್ಷ. ಒಂದು ಆಣೆಗೆ 6,250 ರೂಪಾಯಿ. ಯಂತ್ರದೊಳಗೆ ಒಂದು ಅಂಕಿ ಜರುಗಿದರೆ ಜರುಗುವುದು ಒಂದು ಸಂಸಾರದ ಬಾಳು.

ತಾಲೂಕು ಒಡೆದಾಗ

ಬಾಗಲಕೋಟೆ ಜಿಲ್ಲೆ 1997ರ ಆಗಸ್ಟ್ 15ರಂದು ವಿಜಯಪುರದಿಂದ ಬೇರೆಯಾಯಿತು. 2014ರ ನವೆಂಬರ್ 1ರಂದು ಬಿಜಾಪುರ ಎಂಬ ಹೆಸರೇ ವಿಜಯಪುರವಾಯಿತು. 2017ರ ಮುಂಗಡಪತ್ರದಲ್ಲಿ 49 ಹೊಸ ತಾಲೂಕುಗಳು ಘೋಷಣೆಯಾಗಿ ಹುನಗುಂದದಿಂದ ಇಳಕಲ್ ಬೇರೆಯಾಯಿತು, ಗುಳೇದಗುಡ್ಡವೂ ತಾಲೂಕಾಯಿತು. ನಾವು ಹಾರ ಹಾಕಿ ಸಂಭ್ರಮಿಸುವ ಈ ಘಟನೆಗಳು ಡೇಟಾಬೇಸಿಗೆ ಶಸ್ತ್ರಚಿಕಿತ್ಸೆ. ಒಂದು ಹೊಲದ ಗುರುತು ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರು ಎಂಬ ಸರಪಳಿ. ನಡುವಿನ ಕೊಂಡಿ ಬದಲಾದಾಗ ಹಿಂದಿನ ವರ್ಷಗಳ ಹಕ್ಕು ಬದಲಾವಣೆಯ ದಾಖಲೆಗಳನ್ನು ಹಳೆಯ ಸಂಕೇತದಲ್ಲಿ ಹುಡುಕಬೇಕೋ ಹೊಸದರಲ್ಲೋ? ಎರಡನ್ನೂ ಜೋಡಿಸುವ ಒಂದು ಕೋಷ್ಟಕ ಉಳಿಸಿದ್ದರೆ ಸರಿ. ಇಲ್ಲದಿದ್ದರೆ 2010ರ ವಾಟಣಿ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಇಲಕಲ್ಲ, ಇಳಕಲ್, ಇಲಕಲ್ ಎಂದು ಊರಿನ ಹೆಸರನ್ನೇ ಮೂರು ರೀತಿ ಬರೆಯುವ ನಾವು ಹೆಸರಿನ ಮೇಲೆ ನಂಬಿಕೆ ಇಡದೆ ಸಂಕೇತ ಸಂಖ್ಯೆಯ ಮೇಲೆ ಇಡುವುದೇ ಲೇಸು.

ತಾಲೂಕುಗಳಲ್ಲಿ ಹಂಚಿಹೋಗಿದ್ದ ದಾಖಲೆಗಳು ಮುಂದೆ ಬೆಂಗಳೂರಿನ ಕೇಂದ್ರ ಸರ್ವರಿಗೆ ಸೇರಿದವು. ನೆಮ್ಮದಿ ಕೇಂದ್ರಗಳು ಬಂದು ಹೋದವು, 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ನೋಂದಣಿ ಇಲಾಖೆಯ ‘ಕಾವೇರಿ’ 2023ರಲ್ಲಿ ಎರಡನೆಯ ಆವೃತ್ತಿಗೆ ಏರಿತು. 2025ರ ಆರಂಭದಲ್ಲಿ ಹೊರಗಿನ ದಾಳಿಗೆ ಸಿಕ್ಕಿ ಅದು ಕುಂಟಿದಾಗ ಇಡೀ ರಾಜ್ಯದ ನೋಂದಣಿ ತೊಂದರೆಗೆ ಸಿಕ್ಕಿತು. ಹಿಂದೆ ಒಂದು ತಾಲೂಕಿನ ಯಂತ್ರ ಕೆಟ್ಟರೆ ಒಂದು ತಾಲೂಕು ಕಾಯುತ್ತಿತ್ತು. ಒಟ್ಟುಗೂಡಿಸಿದ್ದರಿಂದ ಲಾಭ ಹೆಚ್ಚೆಂದೇ ನನ್ನ ಅಭಿಪ್ರಾಯ. ಆದರೂ ಈ ಮಾತನ್ನು ಮುಚ್ಚಿಡಬಾರದು.

2024ರಲ್ಲಿ ಸರ್ಕಾರ ‘ಭೂ ಸುರಕ್ಷಾ’ ಎಂಬ ಯೋಜನೆಯಡಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಲು ಕೈಹಾಕಿತು. ಹುಳ ತಿಂದು ಪುಡಿಯಾಗುವ ಮುನ್ನ ಕಾಗದ ಉಳಿಯುವುದು ದೊಡ್ಡ ಸಂಗತಿ. ಆದರೆ ಸ್ಕ್ಯಾನ್ ಆದ ಮೋಡಿ ಹಾಳೆ ಪರದೆಯ ಮೇಲೆ ಬಂದರೂ ಮೋಡಿಯೇ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ನಾಲ್ಕು ಜನ ಆ ಲಿಪಿಯನ್ನೂ ಕಲಿತರೆ ಊರಿಗೂ ಉಪಕಾರ, ಅವರಿಗೂ ಅನ್ನಕ್ಕೆ ದಾರಿ.

ಈ ಸಲ ರಜೆಗೆ ಊರಿಗೆ ಹೋದಾಗ ಟ್ರಂಕಿನಲ್ಲಿರುವ ಹಳೆಯ ಕೈಬರಹದ ಉತಾರ ತೆಗೆಯಿರಿ. 2000ಕ್ಕಿಂತ ಹಿಂದಿನದು ಇದ್ದರೆ ಉತ್ತಮ. ಪಕ್ಕದಲ್ಲಿ ಇಂದಿನ ಅಚ್ಚಾದ ಪಹಣಿ ಇಡಿ. 3ನೇ ಕಲಮಿನ ವಿಸ್ತೀರ್ಣವನ್ನು ಆಣೆಯವರೆಗೂ, 9ನೇ ಕಲಮಿನ ಹೆಸರನ್ನು ಒತ್ತಕ್ಷರದವರೆಗೂ, 11ನೇ ಕಲಮಿನ ಋಣಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ತೀರಿದ ಸಾಲ ಇನ್ನೂ ಕುಳಿತಿರಬಹುದು. ವ್ಯತ್ಯಾಸ ಕಂಡರೆ ಎರಡರ ನಕಲನ್ನೂ ಲಗತ್ತಿಸಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಉತಾರವನ್ನು ಮಾತ್ರ ಕೊಟ್ಟು ಬರಬೇಡಿ, ಮತ್ತೆ ಟ್ರಂಕಿನಲ್ಲೇ ಇಡಿ.